ಐನೂರನೇ ಡಬ್ಬಿ

ಲಿಫ್ಟಿನ ಒಳಗೋಡೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಲಕೋಟೆಯಿಂದ ತಪಾಸಣೆಯ ಕಾರ್ಡನ್ನು ಹೊರಗೆಳೆದು ಖಾಲಿ ಗೆರೆಯ ಮೇಲೆ ಪೆನ್ನಿನ ಮೊನೆಯಿಟ್ಟ. ಕೈ ಮುಂದಕ್ಕೆ ಹೋಗಲಿಲ್ಲ. ಹತ್ತೊಂಬತ್ತು ವರ್ಷದಿಂದ ಲಿಫ್ಟುಗಳನ್ನು ಪರೀಕ್ಷಿಸುವುದೇ ಅವನ ಉದ್ಯೋಗ. ತಾರೀಖು, ‘ಸುಸ್ಥಿತಿಯಲ್ಲಿದೆ’ ಎಂಬ ಒಂದು ಪದ, ಪಕ್ಕದಲ್ಲಿ ಸಹಿ, ಇಷ್ಟನ್ನು ಕಣ್ಣು ಮುಚ್ಚಿಕೊಂಡೇ ಬರೆದುಬಿಡಬಲ್ಲ. ಹಾಗೆ ಎಂದೂ ಬರೆದಿರಲಿಲ್ಲ ಎನ್ನುವುದು ಅವನಿಗಿದ್ದ ಒಂದೇ ಒಂದು ಜಂಬ. ಇವತ್ತೂ ಐದು ಮಹಡಿ ಹತ್ತಿ ಇಳಿದಿದ್ದ, ತಳದ ಹೊಂಡಕ್ಕಿಳಿದು ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿದ್ದ, ಮೇಲಿನ ಮೋಟಾರು ಕೋಣೆಯಲ್ಲಿ ಉಕ್ಕಿನ ಹಗ್ಗಕ್ಕೆ ಹಳೆಯ ಬಟ್ಟೆ ಸುತ್ತಿ ಹಿಡಿದು, ಹಗ್ಗ ಮೆಲ್ಲಗೆ ಜಾರುವಾಗ ಬಟ್ಟೆಯ ನೂಲು ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಎಂದು ಕಾದಿದ್ದ. ಸಿಕ್ಕಿಕೊಂಡರೆ ಅಲ್ಲೊಂದು ತಂತಿ ಕಡಿದಿದೆ ಎಂದು ಅರ್ಥ. ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಎಲ್ಲ ನೋಡಿಯಾಗಿದೆ, ಇನ್ನು ಬರೆಯಲಿಕ್ಕೇನು ದಾಡಿ? ಅಷ್ಟರಲ್ಲಿ ಕಟ್ಟಡದ ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿ, ಆರು ತಿಂಗಳಿಗೊಮ್ಮೆ ತಪ್ಪದೆ ಹೇಳುವ ಹಾಸ್ಯವನ್ನೇ ಹೇಳಿದ: “ನೋಡಿದ್ರಾ ಸಾರ್, ಇಲ್ಲಾ ಬರೀ ಸಹಿನಾ?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಮುಖಕ್ಕೆ ರಕ್ತ ನುಗ್ಗಿತು. “ಏನ್ರೀ ಹಾಗಂದ್ರೆ? ನಿಮ್ ಕಣ್ಣೆದುರಿಗೇ ಹೊಂಡದಿಂದ ಎದ್ದು ಬಂದೆನಲ್ಲ!” ಎಂದು ಕೂಗಿಬಿಟ್ಟ. ಮ್ಯಾನೇಜರು ತಬ್ಬಿಬ್ಬಾಗಿ, “ತಮಾಷೆಗಂದೆ ಸಾರ್,” ಎಂದು ಹಿಂದೆ ಸರಿದ. ಕೊನೆಗೆ ಸಹಿ ಹಾಕಿದ ಮೇಲೂ ಅವನಿಗೆ ಸಮಾಧಾನವಾಗದೆ ಮತ್ತೆ ಮೋಟಾರು ಕೋಣೆಗೆ ಹತ್ತಿ ಬಟ್ಟೆ ಸುತ್ತಿದ. ಜೊತೆಗಿದ್ದ ಫಿಟ್ಟರ್ ಗೋಡೆಗೊರಗಿ, “ಹಗ್ಗಕ್ಕೆ ಜ್ವರ ಬಂದಿದ್ಯಾ ಅಣ್ಣ, ಗಳಿಗೆಗೊಂದ್ಸಲ ಮುಟ್ಟಿ ನೋಡ್ತೀರಲ್ಲ?” ಎಂದ.

ಜೇಬಿನಲ್ಲಿ ಫೋನು ಇತ್ತು, ಫೋನಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಂದ ಸಂದೇಶವಿತ್ತು. ‘ಮೂರನೇ ಮಹಡಿಯವರೇ, ಕಾಲುವೆ ಡಬ್ಬಿಯ ವಿಷಯದಲ್ಲಿ ನಿಮ್ಮ ಹತ್ತಿರ ಒಂದು ಮಾತು ಆಡಬೇಕಿತ್ತು. ಅವಸರವೇನಿಲ್ಲ. ಸೂಜಿಮೊನೆ.’ ಮೂರನೇ ಮಹಡಿ ಎಂದರೆ ಅವನೇ. ಆಟದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಇಟ್ಟುಕೊಂಡ ಹೆಸರುಗಳು. ಸೂಜಿಮೊನೆ ಎಂದರೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ನರ್ಸಮ್ಮ. ಆಟವೇನು ದೊಡ್ಡ ವಿದ್ಯೆಯಲ್ಲ. ಒಬ್ಬರು ಊರಿನ ಯಾವುದೋ ದಾರಿಯ ಪಕ್ಕ, ಮರದ ಪೊಟರೆಯಲ್ಲೋ ಕಲ್ಲಿನ ಸಂದಿಯಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ಫೋನಿಗೆ ಹಾಕುತ್ತಾರೆ. ಉಳಿದವರು ಕೆಲಸ ಮುಗಿಸಿ ಸಂಜೆ ಹೋಗಿ ಹುಡುಕುತ್ತಾರೆ. ಸಿಕ್ಕರೆ ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿ ತಾರೀಖು ಹಾಕಿ ಹೆಸರು ಬರೆದು, ಇದ್ದಲ್ಲೇ ಇಟ್ಟು, ಆಮೇಲೆ ಫೋನಿನಲ್ಲಿ ‘ಸಿಕ್ಕಿತು’ ಎಂದು ಗುರುತು ಹಾಕುವುದು. ಸಿಗದಿದ್ದರೆ ಫೋನಿನಲ್ಲಿ ‘ಸಿಗಲಿಲ್ಲ’ ಎಂದು ಹಾಕಬೇಕು, ಅದೂ ನಿಯಮವೇ. ಯಾರೂ ಹಿಂದೆ ನಿಂತು ನೋಡುವುದಿಲ್ಲ. ಆರು ವರ್ಷದಲ್ಲಿ ಅವನಿಗೆ ನಾನೂರ ತೊಂಬತ್ತೊಂಬತ್ತು ಸಿಕ್ಕಿದ್ದವು, ಎಪ್ಪತ್ತಮೂರು ಸಿಕ್ಕಿರಲಿಲ್ಲ. ಎಲ್ಲವನ್ನೂ ಹಾಗೆ ಹಾಗೆಯೇ ಬರೆದಿದ್ದ. ಒಂದು ಮಾತು ಎಂದರೆ ಯಾವ ಮಾತು? ಅವಸರವಿಲ್ಲ ಎಂದವರಿಗೆ ಹೇಳಿ ಕಳಿಸುವ ದರ್ದೇನಿತ್ತು? ಆಸ್ಪತ್ರೆಯವರೂ ಕೆಟ್ಟ ಸುದ್ದಿ ಇದ್ದಾಗಲೇ ಅವಸರವಿಲ್ಲ, ನಿಧಾನವಾಗಿ ಬನ್ನಿ ಅನ್ನುವುದು ಎಂದುಕೊಂಡು ಟೂಲ್ಸಿನ ಪೆಟ್ಟಿಗೆ ಮುಚ್ಚಿದ.

ಅವನ ಹೆಂಡತಿಗೆ ಈ ಆಟ ಕಂಡರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಮನೆಯ ಮುಂಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಪರದೆಗೆ ಅಂಚು ಹೊಲಿಯುವುದು, ಜಿಪ್ಪು ಬದಲಿಸುವುದು, ಹೀಗೆ ದಿನವಿಡೀ ಬಾಗಿ ಕೂತಿರುವವಳು. ಬಟ್ಟೆಗಳ ರಾಶಿಯಲ್ಲಿ ಅವಳ ಕತ್ತರಿ ದಿನಕ್ಕೆ ನಾಲ್ಕು ಸಲ ಕಾಣೆಯಾಗುತ್ತದೆ. “ಮನೇಲಿ ಕಳೆದ ಕತ್ತರಿ ಹುಡುಕಿ ಕೊಡೋಕೆ ಪುರುಸೊತ್ತಿಲ್ಲ, ಊರೋರು ಬಚ್ಚಿಟ್ಟ ಡಬ್ಬಿ ಹುಡುಕೋಕೆ ಹೊರಟ್ರು ನೋಡಿ ನಮ್ಮೆಜಮಾನ್ರು,” ಎಂದು ಬಂದ ಗಿರಾಕಿಗಳೆದುರಿಗೇ ನಗುತ್ತಿದ್ದಳು. ಅವನೂ ನಗುತ್ತಿದ್ದ. ಆದರೆ ಐನೂರಾದ ದಿನ, ಅಂದರೆ ಆಯಿತು ಎಂದು ಅವನು ಮನೆಗೆ ಬಂದು ಹೇಳಿದ ದಿನ, ಅವಳು ಒಂದು ಗಳಿಗೆ ಯಂತ್ರ ನಿಲ್ಲಿಸಿ ಅವನ ಮುಖ ನೋಡಿ, “ನಿಜವಾಗ್ಲೂ? ಐನೂರಾ?” ಎಂದಿದ್ದಳು. ಆಮೇಲೆ ಎರಡು ದಿನ ಅವನು ಇಲ್ಲದ ಹೊತ್ತಿನಲ್ಲಿ ಕೂತು, ಗಟ್ಟಿ ನೀಲಿ ಬಟ್ಟೆಯಲ್ಲಿ ಅಂಗೈಯಗಲದ ಒಂದು ಚೀಲ ಹೊಲಿದು, ಅದರ ಮೇಲೆ ಹಳದಿ ನೂಲಿನಿಂದ ಐನೂರು ಎಂದು ಕಸೂತಿ ಹಾಕಿ, ಭಾನುವಾರ ಬೆಳಿಗ್ಗೆ ಅವನ ಕೈಗಿಟ್ಟಳು. “ಪೆನ್ನು, ಟಾರ್ಚು ಇಟ್ಕೊಳ್ಳೋಕೆ. ಜೇಬು ಹರ್ಕೊಂಡು ಬರ್ತೀರಲ್ಲ ಯಾವಾಗ್ಲೂ.” ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅವನಿಗಾಗಿ ಹೊಲಿದದ್ದು ಬೇಕಾದಷ್ಟಿತ್ತು, ಬರೆದದ್ದು ಇದೊಂದೇ. ಚೀಲ ಹಿಡಿದು ನಿಂತವನಿಗೆ ನಾಚಿಕೆ ಎನ್ನುವುದು ಮನಸ್ಸಿನದಲ್ಲ, ಚರ್ಮದ್ದು ಎಂದು ತಿಳಿಯಿತು. ಕುತ್ತಿಗೆಯ ಹಿಂಭಾಗವೆಲ್ಲ ತುರಿಸಿತು. “ಹಿಡಿಸ್ಲಿಲ್ವಾ?” ಎಂದಳು. “ಚೆನ್ನಾಗಿದೆ ಕಣೆ,” ಎಂದ. ಅಂದಿನಿಂದ ಅವನು ಒಂದು ಡಬ್ಬಿಯನ್ನೂ ಹುಡುಕಲು ಹೋಗಿಲ್ಲ. “ಏನ್ರೀ, ಐನೂರಾದ ಮೇಲೆ ರಿಟೈರಾ?” ಎಂದು ನಿನ್ನೆ ಕೇಳಿದ್ದಳು. ಚೀಲ ಟೂಲ್ಸ್ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಕೆಳಗೆ ಬಿದ್ದಿದೆ.

ಆ ಗುರುವಾರ, ಹದಿನಾಲ್ಕನೇ ತಾರೀಖು, ಹನ್ನೊಂದು ದಿನದ ಹಿಂದೆ, ಕೆಲಸ ಬೇಗ ಮುಗಿದಿತ್ತು. ಭಾನುವಾರ ಆಟದವರೆಲ್ಲ ಉದ್ಯಾನದ ಪಕ್ಕದ ಚಹಾ ಅಂಗಡಿಯಲ್ಲಿ ಸೇರುವುದೆಂದೂ, ಮೂರನೇ ಮಹಡಿಗೆ ಅಷ್ಟರಲ್ಲಿ ಐನೂರಾಗಿರುತ್ತದೆಂದೂ ಆಟದಲ್ಲಿ ಆಮೆ ಎನಿಸಿಕೊಂಡ ಗುಂಪಿನ ಹಿರಿಯ ಎಲ್ಲರಿಗೂ ತಿಳಿಸಿಬಿಟ್ಟಿದ್ದ. ಔಷಧಿ ಅಂಗಡಿ ನಡೆಸುವ ಆಮೆ, ನಡೆಯುವುದು ನಿಧಾನ, ಮಾತು ಅದಕ್ಕಿಂತ ನಿಧಾನ. ಹತ್ತಿರದಲ್ಲಿ ಉಳಿದಿದ್ದುದು ನರ್ಸಮ್ಮನ ಕಾಲುವೆ ಡಬ್ಬಿಯೊಂದೇ, ಬೇರೆಯವಕ್ಕೆ ಒಂದು ದಿನದ ಪ್ರಯಾಣ. ಕಾಲುವೆಗೆ ಅಡ್ಡವಾಗಿ ನಡೆದುಹೋಗುವವರಿಗೆಂದು ಹಾಕಿದ ಕಬ್ಬಿಣದ ಸೇತುವೆ, ಎರಡೂ ತುದಿಗೆ ಮೆಟ್ಟಿಲು. ಫೋನು ಅಲ್ಲೇ ನಿಲ್ಲು ಎನ್ನುತ್ತಿತ್ತು. ನರ್ಸಮ್ಮ ಕೊಟ್ಟ ಸುಳಿವು: ‘ಮೊಣಕಾಲಿಗೆ ಕೆಲಸ, ಕಣ್ಣಿಗೆ ರಜೆ.’ ಅಂದರೆ ಬಗ್ಗಿ ಕೈಯಾಡಿಸು ಎಂದು. ಬಗ್ಗಿ ಕೈಯಾಡಿಸಿದ. ಮೆಟ್ಟಿಲುಗಳ ಅಡಿ, ಕಂಬದ ಬುಡ, ಬೋಲ್ಟುಗಳ ಸಂದಿ. ಬೆರಳಿಗೆ ತುಕ್ಕು, ಜೇಡರ ಬಲೆ, ಯಾರೋ ಅಂಟಿಸಿದ ಚ್ಯೂಯಿಂಗ್ ಗಮ್ಮು ಸಿಕ್ಕವೇ ಹೊರತು ಡಬ್ಬಿ ಸಿಗಲಿಲ್ಲ. ಇಪ್ಪತ್ತು ನಿಮಿಷವಾದಾಗ, ನಾಯಿ ಹಿಡಿದುಕೊಂಡು ಬರುತ್ತಿದ್ದವನೊಬ್ಬ ನಿಂತು, “ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?” ಎಂದು ಕೇಳಿದ. ಡಬ್ಬಿಯ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡಬಾರದು ಎನ್ನುವುದು ಆಟದ ಪದ್ಧತಿ. “ಉಂಗುರ,” ಎಂದ, ಬಾಯಿಗೆ ಬಂದದ್ದು. ಅವನು ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಾನೆ ಎಂದುಕೊಂಡಿದ್ದ. ಆ ಪುಣ್ಯಾತ್ಮ ನಾಯಿಯನ್ನು ಕಂಬಕ್ಕೆ ಕಟ್ಟಿ, ಒಗೆದು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ ಹುಲ್ಲು ಕೆದಕತೊಡಗಿದ. “ಚಿನ್ನದ್ದಾ?” ಎಂದ. “ಹೂಂ.” “ಮದುವೇದಾ?” “ಹೂಂ.” ಆ ದಾರಿಯಲ್ಲಿ ಬಂದ ಒಬ್ಬಾಕೆಯನ್ನೂ ಅವನೇ ಕರೆದ. ಆಕೆ ಕೈಚೀಲ ಕೆಳಗಿಟ್ಟು ಕೂತು, “ನಿಮ್ಮ ಮನೆಯೋರು ಏನಂತಾರೋ ಪಾಪ,” ಎಂದು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಇಲ್ಲದ ಉಂಗುರವನ್ನು ಮೂವರು ದೊಡ್ಡವರು ನೆಲಕ್ಕೆ ಮೂಗು ತಾಗಿಸಿ ಹುಡುಕುತ್ತಿದ್ದರು. ನಿಲ್ಲಿಸಿ ಎನ್ನಲಿಕ್ಕೆ ಬಾಯಿಲ್ಲ, ಎದ್ದು ಹೋಗಲಿಕ್ಕೆ ಕಾಲಿಲ್ಲ. ಆಕೆಯ ಸೀರೆಗೆ ಕೆಸರು ಹತ್ತಿದ್ದನ್ನು ಕಂಡಾಗ ಇನ್ನು ತಡೆಯಲಾಗದೆ ಮುಷ್ಟಿ ಬಿಗಿದು ಮೇಲಕ್ಕೆತ್ತಿ, “ಸಿಕ್ತು! ಸಿಕ್ತು!” ಎಂದು ಕೂಗಿದ. ಇಬ್ಬರ ಮುಖವೂ ಅರಳಿತು. ನಾಯಿಯವನು ಅವನ ಬೆನ್ನು ತಟ್ಟಿದ. ತೋರಿಸಿ ಎಂದು ಯಾರೂ ಕೇಳಲಿಲ್ಲ, ಅದೇ ಅವನನ್ನು ಕೊಂದದ್ದು. ಬರಿಯ ಮುಷ್ಟಿಯನ್ನು ಜೇಬಿಗಿಳಿಸಿ ಸೇತುವೆ ದಾಟಿ, ತಿರುವಿನಾಚೆ ಬಂದು ನಿಂತು, ಇನ್ನೂ ಏದುಸಿರು ಬಿಡುತ್ತಲೇ ಫೋನು ತೆಗೆದ. ಒಂದು ಸಲ ಬಾಯಲ್ಲಿ ಅಂದದ್ದನ್ನು ಬೆರಳಲ್ಲಿ ಒತ್ತಲು ಏನೂ ಕಷ್ಟವಾಗಲಿಲ್ಲ. ‘ಸಿಕ್ಕಿತು.’ ಅಷ್ಟಕ್ಕೇ ಬಿಡಬಹುದಿತ್ತು. ಯಾರೂ ಕೇಳದಿದ್ದರೂ ಅಭ್ಯಾಸಬಲದಿಂದ ಇನ್ನೊಂದು ಸೇರಿಸಿದ: ‘ಡಬ್ಬಿ ಸುಸ್ಥಿತಿಯಲ್ಲಿದೆ.’

ಶನಿವಾರ ಫೋನಿನಲ್ಲಿ ಅದೇ ಡಬ್ಬಿಗೆ ಇನ್ನಿಬ್ಬರ ‘ಸಿಕ್ಕಿತು’ ಕಂಡಿತು. ಒಂದು ‘ಎರಡು ಚಪ್ಪಲಿ’ ಎಂಬ ಹೆಸರಿನ ಗಂಡಹೆಂಡಿರದ್ದು, ಇನ್ನೊಂದು ಆಮೆಯದು. ಅಬ್ಬ ಎನಿಸಿತು. ಡಬ್ಬಿ ಅಲ್ಲೇ ಇದೆ, ತನ್ನ ಕಣ್ಣಿಗೆ ಬೀಳಲಿಲ್ಲ ಅಷ್ಟೆ. ಇದ್ದದ್ದನ್ನು ಇದೆ ಎಂದು ಬರೆದರೆ ಪೂರಾ ಸುಳ್ಳಲ್ಲವಲ್ಲ, ಹೆಚ್ಚೆಂದರೆ ಮುಂಗಡ. ಭಾನುವಾರ ಒಂಬತ್ತು ಜನ ಸೇರಿದ್ದರು, ಚಪ್ಪಾಳೆ ತಟ್ಟಿದರು. ಆಮೆ ಎದ್ದು ನಿಂತು ತನ್ನ ನಿಧಾನದ ದನಿಯಲ್ಲಿ, “ಈ ಆಟದಲ್ಲಿ ಒಂದು ವಿಶೇಷ ಇದೆ. ಫೋನಲ್ಲಿ ಸಿಕ್ಕಿತು ಅಂತಾನೂ ಬರೀಬಹುದು, ಸಿಗಲಿಲ್ಲ ಅಂತಾನೂ ಬರೀಬಹುದು. ಆದ್ರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ಸಿಗಲಿಲ್ಲ ಅಂತ ಬರೆದೋನು ಭೂಮಿ ಮೇಲೆ ಒಬ್ಬನೂ ಇಲ್ಲ! ಸಿಕ್ಕಿದ್ರೆ ತಾನೇ ಬರೆಯೋದು? ಅದರಷ್ಟು ಸುಖವಾದ ಪುಸ್ತಕ ಇನ್ನೊಂದಿಲ್ಲ,” ಎಂದ. ಎಲ್ಲರೂ ನಕ್ಕರು, ಅವನೂ ನಕ್ಕ, ಸ್ವಲ್ಪ ಹೆಚ್ಚೇ ನಕ್ಕ. ನರ್ಸಮ್ಮ ಕೋಲೂರಿಕೊಂಡು ಹತ್ತಿರ ಬಂದು ಅವನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, “ಐನೂರು ಅಂದ್ರೆ ಕಡಮೆ ಮಾತಲ್ಲಪ್ಪ,” ಎಂದಳು. ಆಮೇಲೆ ಕೇಳಿದಳು: “ಒಳಗಿನ ಪುಸ್ತಕ ಒದ್ದೆಯಾಗಿತ್ತಾ?” ಅವನಿಗೆ ಯೋಚಿಸಲೂ ಸಮಯ ಬೇಕಾಗಲಿಲ್ಲ. “ಇಲ್ಲಮ್ಮ, ಒಣಗೇ ಇತ್ತು.” “ಒಳ್ಳೇದಾಯ್ತು ಬಿಡಿ,” ಎಂದು ಕೈ ಬಿಟ್ಟಳು. ಈಗ, ಫಿಟ್ಟರನನ್ನು ಬಸ್ ನಿಲ್ದಾಣದ ಹತ್ತಿರ ಇಳಿಸಿ ಕಂಪನಿಯ ವ್ಯಾನನ್ನು ಕಾಲುವೆಯ ರಸ್ತೆಗೆ ತಿರುಗಿಸುವಾಗ, ಆ ಕೈ ಬಿಟ್ಟದ್ದು ಹೇಗೆ ಎಂದು ನೆನಪು ಮಾಡಿಕೊಳ್ಳುತ್ತಿದ್ದ. ಮೆಲ್ಲಗೆ ಬಿಟ್ಟಳೋ, ಥಟ್ಟನೆ ಬಿಟ್ಟಳೋ?

ಅವನ ಲೆಕ್ಕಾಚಾರ ಸರಳವಾಗಿತ್ತು. ಇವತ್ತು ಡಬ್ಬಿಯನ್ನು ಹುಡುಕಿಬಿಡುವುದು. ಪುಸ್ತಕದಲ್ಲಿ ಎಲ್ಲಾದರೂ ಒಂದಿಷ್ಟು ಜಾಗ ನೋಡಿ ಹದಿನಾಲ್ಕನೇ ತಾರೀಖು ಹಾಕಿ ಹೆಸರು ಬರೆದುಬಿಡುವುದು. ಆಮೇಲೆ ನರ್ಸಮ್ಮನಿಗೆ ಉತ್ತರ ಕೊಡುವುದು: ಏನಮ್ಮ ವಿಷಯ? ನಿಮ್ಮ ಹೆಸರು ಕಾಣಲಿಲ್ಲವಲ್ಲ ಎಂದು ಕೇಳಿದರೆ, ಸರಿಯಾಗಿ ನೋಡಿ, ಇದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಕಾರ್ಡಿಗೂ ಹಿಂದಿನ ತಾರೀಖು ಹಾಕದವನು ಆಟದ ಡಬ್ಬಿಗೆ ಹಾಕಲು ಹೊರಟಿದ್ದ. ವ್ಯಾನು ನಿಲ್ಲಿಸಿ, ಪೆನ್ನು ಬೇಕಾಗುತ್ತದೆಂದು ಟೂಲ್ಸ್ ಪೆಟ್ಟಿಗೆ ತಡಕಿದಾಗ ಕೈಗೆ ಬಂದದ್ದು ನೀಲಿ ಚೀಲ. ಅದರಲ್ಲೇ ಹೆಂಡತಿ ಒಂದು ಹೊಸ ಪೆನ್ನು ಇಟ್ಟಿದ್ದಳು. ಬೇರೆ ಪೆನ್ನು ಅಂಗಿಯ ಜೇಬಿನಲ್ಲಿ ಇತ್ತು, ಮಧ್ಯಾಹ್ನ ಸಹಿ ಹಾಕಿದ ಪೆನ್ನು. ಅದನ್ನು ಮುಟ್ಟಲು ಮನಸ್ಸಾಗದೆ ಚೀಲವನ್ನೇ ತೆಗೆದುಕೊಂಡು ಇಳಿದ. ಬಿಸಿಲು ಇಳಿದು ಕಾಲುವೆಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಓಡುವವರು, ನಡೆಯುವವರು, ಆಚೆ ದಡದ ಮನೆಗಳ ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆ ತೆಗೆಯುವವರು. ಮೆಟ್ಟಿಲ ಬಳಿ ಮೊಣಕಾಲೂರಿದ್ದೇ ತಡ, ಹಿಂದಿನಿಂದ ನಾಯಿಯೊಂದು ಅವನ ಅಂಗಾಲು ಮೂಸಿತು. ಅವನೇ. ಅದೇ ಮನುಷ್ಯ, ಅದೇ ಇಸ್ತ್ರಿ ಪ್ಯಾಂಟು. “ಅಯ್ಯೋ ಸಾರ್! ಮತ್ತೆ ಕಳ್ಕೊಂಡ್ರಾ?” ಎಂದ. ದನಿಯಲ್ಲಿ ಹಾಸ್ಯ ಇರಲಿಲ್ಲ, ನಿಜವಾದ ಸಂಕಟವಿತ್ತು. ಅವನ ಕಣ್ಣು ತನ್ನ ಬರಿಬೆರಳುಗಳ ಮೇಲೆ ಇದ್ದುದನ್ನು ಕಂಡು ಕೈಯನ್ನು ಹಿಂದಕ್ಕೆಳೆದುಕೊಂಡ. “ಇಲ್ಲ... ಇದು ಬೇರೆ. ನೀವು ಹೋಗಿ ಸಾರ್, ದಯವಿಟ್ಟು. ನಾನೇ ನೋಡ್ಕೋತೀನಿ.” “ಉಂಗುರ ಸ್ವಲ್ಪ ಬಿಗಿ ಮಾಡಿಸ್ಕೊಳ್ಳಿ ಸಾರ್, ಸಡಿಲಾದ್ರೆ ಹೀಗೇ,” ಎಂದು ಹೇಳಿ, ಎರಡು ಸಲ ತಿರುಗಿ ನೋಡುತ್ತ ಹೋದ. ಅವನು ಕಣ್ಮರೆಯಾಗುವ ತನಕ ಬಾಗಿದ ತಲೆ ಎತ್ತಲಿಲ್ಲ.

ಮೂರನೇ ಮೆಟ್ಟಿಲ ಅಡಿಗೆ ಕೈ ಹಾಕಿದ. ತಟ್ಟನೆ ಸಿಕ್ಕಿತು. ತುಕ್ಕಿನ ಬಣ್ಣವನ್ನೇ ಬಳಿದ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ತಗಡಿನ ಡಬ್ಬಿ, ಬೆನ್ನಿಗೆ ಅಯಸ್ಕಾಂತ. ಇಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಸಂತೋಷಪಡಬೇಕಾದ ಕೈ ಅಲ್ಲೇ ನಿಂತಿತು, ಏಕೆಂದರೆ ಈ ಜಾಗ ಅದಕ್ಕೆ ಗೊತ್ತಿತ್ತು. ಈ ಮೆಟ್ಟಿಲಿನ ಅಡಿಯಲ್ಲಿ ಪಕ್ಕಕ್ಕೆ ಹೊರಳಿದ ಒಂದು ಬೋಲ್ಟಿದೆ, ಅದು ಆ ಗುರುವಾರ ಹೆಬ್ಬೆರಳನ್ನು ಗೀರಿತ್ತು. ಗಾಯದ ಹಕ್ಕಳೆ ಮೊನ್ನೆಯಷ್ಟೇ ಬಿದ್ದಿತ್ತು. ಬೋಲ್ಟಿನ ಪಕ್ಕ ಅಂದು ಬರಿಯ ಕಬ್ಬಿಣವಿತ್ತು, ಇಂದು ಡಬ್ಬಿಯಿದೆ. ಹೊಂಡದಲ್ಲಿ, ಮೋಟಾರು ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಮುಟ್ಟಿ ಮುಟ್ಟಿ ಕಲಿತ ಕೈ ಇಂಥದರಲ್ಲಿ ತಪ್ಪುವುದಿಲ್ಲ. ಹಾಗಾದರೆ ಅಂದು ಡಬ್ಬಿ ಇಲ್ಲಿ ಇರಲೇ ಇಲ್ಲ. ಮೆಟ್ಟಿಲ ಮೇಲೆ ಕೂತು, ಉಗುರಿನಿಂದ ಮುಚ್ಚಳ ಎಬ್ಬಿಸಿ, ಸುರುಳಿ ಸುತ್ತಿದ ಪುಸ್ತಕವನ್ನು ಬಿಡಿಸಿದ. ಹಳೆಯ ಹಾಳೆಗಳು ಒಮ್ಮೆ ನೆಂದು ಒಣಗಿ ಅಲೆಯಲೆಯಾಗಿದ್ದವು. ಕೊನೆಯಲ್ಲಿ ಬರೆದಿದ್ದ ಹಾಳೆಯಲ್ಲಿ, ದುಂಡಗಿನ, ವಾರ್ಡಿನ ಚೀಟಿಗಳಲ್ಲಿ ಕಾಣುವಂಥ ಸ್ಪಷ್ಟ ಅಕ್ಷರದಲ್ಲಿ: ‘ಹನ್ನೆರಡು, ಮಂಗಳವಾರ. ಪುಸ್ತಕ ಒದ್ದೆ. ಒಣಗಿಸಲು ಡಬ್ಬಿಯನ್ನು ಮನೆಗೆ ಒಯ್ದಿದ್ದೇನೆ. ಸೂಜಿಮೊನೆ.’ ಅದರ ಕೆಳಗೆ ಒಂದು ಗೆರೆ ಖಾಲಿ. ಅದರ ಕೆಳಗೆ: ‘ಹದಿನೈದು, ಶುಕ್ರವಾರ. ತಂದು ಇಟ್ಟೆ. ಸೂಜಿಮೊನೆ.’ ಆಮೇಲೆ ಶನಿವಾರದ ತಾರೀಖಿನಲ್ಲಿ ಎರಡು ಚಪ್ಪಲಿ. ಆಮೇಲೆ ಆಮೆ.

ಮೊದಲು ಅರ್ಥವಾದದ್ದು ನರ್ಸಮ್ಮನಿಗೆ ಗೊತ್ತು ಎನ್ನುವುದು. ಡಬ್ಬಿ ಅವಳ ಮನೆಯೊಳಗೆ ಇದ್ದಾಗ ಅದು ಸೇತುವೆಯಡಿ ಸುಸ್ಥಿತಿಯಲ್ಲಿದೆ ಎಂದು ಅವನು ಬರೆದಿದ್ದಾನೆ, ಭಾನುವಾರ ಅವಳ ಕೈಯೊಳಗೆ ತನ್ನ ಕೈ ಇಟ್ಟುಕೊಂಡು ಪುಸ್ತಕ ಒಣಗಿತ್ತು ಎಂದು ಹೇಳಿದ್ದಾನೆ. ಆ ಸುಳ್ಳನ್ನು ಈ ಊರಿನಲ್ಲಿ ಬೇರೆ ಯಾರಿಗೆ ಬೇಕಾದರೂ ಹೇಳಬಹುದಿತ್ತು, ಅವಳೊಬ್ಬಳನ್ನು ಬಿಟ್ಟು. ಎರಡನೆಯದು ನಿಧಾನವಾಗಿ ಬಂತು, ಬಂದು ಅಲ್ಲೇ ಕೂತಿತು. ಶನಿವಾರ ಸಹಿ ಹಾಕಿದವರೂ ಈ ಎರಡು ತಾರೀಖುಗಳನ್ನು ಓದಿದ್ದಾರೆ. ಫೋನಿನಲ್ಲಿ ಅವನ ಹದಿನಾಲ್ಕನೇ ತಾರೀಖೂ ಅವರ ಕಣ್ಣಿಗೆ ಬಿದ್ದೇ ಇರುತ್ತದೆ. ಹನ್ನೊಂದು ಅಲ್ಲ, ಹದಿನಾರು ಅಲ್ಲ, ಸರಿಯಾಗಿ ನಡುವೆ. ಓದಿಯೂ ಭಾನುವಾರ ಬಂದು ಚಪ್ಪಾಳೆ ತಟ್ಟಿದ್ದಾರೆ. ಎರಡು ಚಪ್ಪಲಿಯ ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದ್ದಳಲ್ಲ. ಆಮೆ ಆ ಸುಖವಾದ ಪುಸ್ತಕದ ಮಾತನ್ನು ಅವನನ್ನು ನೋಡಿಯೇ ಹೇಳಿದನೋ ಏನೋ. ಅವನು ಎಲ್ಲರ ಕಣ್ಣಿಗೆ ಮಣ್ಣೆರಚಿದ್ದೇನೆ ಎಂದುಕೊಂಡಿದ್ದಾಗ, ಅವರೆಲ್ಲ ಅವನು ಬೀಳದ ಹಾಗೆ ಒಂದೊಂದು ಕೈ ಕೊಟ್ಟು ಹಿಡಿದಿದ್ದರು. ಕರುಣೆ ಎಂದರೆ ಇದು. ಒಬ್ಬರಾದರೂ ಕೆನ್ನೆಗೆ ಬಾರಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹಕ್ಕಳೆ ಬಿದ್ದ ಹೆಬ್ಬೆರಳನ್ನು ನೋಡುತ್ತ ಕೂತ.

“ಸಿಕ್ತಾ?”

ಸೇತುವೆಯ ಮೇಲೆ ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನರ್ಸಮ್ಮ ಒಂದೊಂದೇ ಹೆಜ್ಜೆಯಿಡುತ್ತ ಬರುತ್ತಿದ್ದಳು. ಮನೆಯಲ್ಲಿ ಹಾಕುವ ಚಪ್ಪಲಿ, ಹೆಗಲ ಮೇಲೆ ಅವಸರದಲ್ಲಿ ಹೊದ್ದ ಶಾಲು. ಅವನು ಏಳಲು ನೋಡಿದ, ಮೊಣಕಾಲು ಕೇಳಲಿಲ್ಲ. “ಏಳ್ಬೇಡಿ, ಏಳ್ಬೇಡಿ. ನಾನೂ ಕೂತ್ಕೋತೀನಿ,” ಎಂದು ಅವನ ಮೇಲಿನ ಮೆಟ್ಟಿಲಲ್ಲಿ ನರಳುತ್ತ ಕೂತಳು. ಉಸಿರು ತಿರುಗಿಸಿಕೊಂಡು ಕೋಲಿನಿಂದ ಆಚೆ ದಡದ ಮನೆಗಳ ಕಡೆ ತೋರಿಸಿದಳು. “ಅದೇ ನನ್ನ ಕಿಟಕಿ. ಎರಡನೇ ಮಹಡಿ, ಬಿಳಿ ಪರದೆ. ಇಲ್ಲೇನ್ ನಡೆದ್ರೂ ಕಾಣ್ಸುತ್ತೆ.”

ಅವನು ಕಿಟಕಿಯನ್ನು ನೋಡಿದ. ಮೆಟ್ಟಿಲಿನ ಅಡಿಯ ಬೋಲ್ಟು ಬಿಟ್ಟರೆ ಮತ್ತೆಲ್ಲವೂ ಅಲ್ಲಿಂದ ಕಾಣುವಂತಿತ್ತು.

“ನಿಮ್ಮ ಹತ್ರ ಮಾತಾಡ್ಬೇಕು ಅಂದಿದ್ನಲ್ಲ,” ಎಂದಳು. “ಹತ್ತು ದಿನದಿಂದ ನಂಗೆ ಊಟ ಸೇರ್ತಿಲ್ಲಪ್ಪ. ತಪ್ಪಾಯ್ತು ಅಂತ ಹೇಳೋಣ ಅಂತ.”

“ನೀವಾ?”

“ಹೂಂ, ನಾನೇ. ಡಬ್ಬಿ ಮನೆಗೆ ತಂದ್ಮೇಲೆ ಫೋನಲ್ಲಿ ‘ಸದ್ಯಕ್ಕೆ ಇಲ್ಲ’ ಅಂತ ಹಾಕ್ಬೇಕಿತ್ತು. ಮರೆತೆ. ಅದಾದ್ರೂ ಮರೆವು ಅನ್ನಿ, ವಯಸ್ಸಾಯ್ತು ಅನ್ನಿ. ಗುರುವಾರ ಸಂಜೆ ಕಿಟಕೀಲಿ ಕೂತಿದ್ದೆ. ಡಬ್ಬಿ ನನ್ನ ಮೇಜಿನ ಮೇಲೆ, ಹಾಳೆ ಒಣಗ್ತಾ ಇದೆ. ಕೆಳಗೆ ನೀವು. ಒಂದ್ಸಲ ಕೂಗಿದ್ರೆ ಸಾಕಿತ್ತು, ಇಲ್ಲಿದೆ ಕಣಪ್ಪ ಬಾ ಅಂತ. ಕೂಗ್ಲಿಲ್ಲ.” ಕೋಲನ್ನು ಮಡಿಲಿಗೆ ಎಳೆದುಕೊಂಡಳು. “ತಮಾಷೆ ಅನ್ನಿಸ್ತು ನಂಗೆ. ಅಷ್ಟು ದೊಡ್ಡ ಆಟಗಾರ, ನನ್ನ ಡಬ್ಬಿ ಸಿಗದೆ ಒದ್ದಾಡ್ತಾ ಇದಾರಲ್ಲ ಅಂತ. ಚಹಾ ಮಾಡ್ಕೊಂಡು ಬಂದು ಕೂತು ನೋಡ್ದೆ. ಆ ನಾಯಿಯೋರು ಬಂದ್ರು, ಆ ಹೆಂಗಸು ಬಂತು. ನೀವು ಕೈ ಮೇಲೆತ್ತಿ ಸಿಕ್ತು ಅಂತ ಕೂಗಿದ್ದು ಮೇಲೆ ತನಕ ಕೇಳಿಸ್ತು. ಮೇಜಿನ ಮೇಲೆ ಡಬ್ಬಿ ಇದ್ರೂ ಒಂದು ಕ್ಷಣ ನಂಗೇ ಅನುಮಾನ ಬಂತು ನೋಡಿ!”

ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. ಅವನು ನೆಲ ನೋಡುತ್ತಿದ್ದ. ನೆಲ ಬಾಯಿ ಬಿಡುವುದಿದ್ದರೆ ಇದಕ್ಕಿಂತ ಒಳ್ಳೆಯ ಮುಹೂರ್ತ ಅದಕ್ಕೆ ಸಿಗುತ್ತಿರಲಿಲ್ಲ.

“ಭಾನುವಾರ ಪುಸ್ತಕ ಒದ್ದೆಯಾಗಿತ್ತಾ ಅಂತ ಕೇಳಿದ್ನಲ್ಲ, ಅದು ಇನ್ನೂ ದೊಡ್ಡ ತಪ್ಪು. ಸಂತೋಷದ ಹೊತ್ನಲ್ಲಿ ಚುಚ್ಚಬಾರದಿತ್ತು. ಮೂವತ್ನಾಲ್ಕು ವರ್ಷ ಚುಚ್ಚಿದ ಕೈ, ಸುಮ್ನಿರಲ್ಲ. ನೀವು ಇಲ್ಲ ಒಣಗಿತ್ತು ಅಂದಾಗ ನಿಮ್ಮ ಮುಖ ನೋಡ್ದೆ. ಆವತ್ತಿಂದ ಆ ಮುಖಾನೇ ಕಣ್ಮುಂದೆ.” ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ನೀವು ಕಷ್ಟ ಪಟ್ಟು ಹುಡುಕಿದ್ದು ನಿಜ, ನಲವತ್ತು ನಿಮಿಷ ಮಂಡಿ ಊರಿದ್ದು ನಿಜ. ಡಬ್ಬಿ ಇದ್ದಿದ್ರೆ ಸಿಕ್ತಿತ್ತು. ಇಲ್ದೆ ಇದ್ದಿದ್ದು ನನ್ನಿಂದ. ಅದಕ್ಕೇ ನಡುವೆ ಒಂದು ಗೆರೆ ಬಿಟ್ಟಿದೀನಿ, ನೋಡಿದ್ರಲ್ಲ? ಹದಿನಾಲ್ಕು ಅಂತ ಹಾಕಿ ಹೆಸರು ಬರೆದುಬಿಡಿ. ಆಮೆಯೋರಿಗೂ ಹೇಳಿದೀನಿ, ಎರಡು ಚಪ್ಪಲಿಯೋರಿಗೂ ಹೇಳಿದೀನಿ. ನಾನೇ ಸಾಕ್ಷಿ. ಯಾರೂ ಏನೂ ಅನ್ಕೊಳ್ಳಲ್ಲ.”

ಖಾಲಿ ಗೆರೆ ಅವನ ತೊಡೆಯ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಸಂಜೆ ವ್ಯಾನಿನಲ್ಲಿ ಬರುವಾಗ ಬಯಸಿದ್ದು ಇಂಥದೊಂದು ಜಾಗವನ್ನೇ. ಕದಿಯಬೇಕೆಂದು ಬಂದ ಮನೆಯವರು ತಟ್ಟೆ ಹಾಕಿ ಕೂತ್ಕೊಳ್ಳಿ ಅಂದಂತಾಯಿತು. ನೀಲಿ ಚೀಲದಿಂದ ಹೆಂಡತಿ ಇಟ್ಟ ಪೆನ್ನು ತೆಗೆದ. ಬರೆದರೆ ಮುಗಿಯಿತು. ಬರೆಯದೆ ಕೆಳಗಡೆ ಇವತ್ತಿನ ತಾರೀಖು ಹಾಕಿ, ಫೋನಿನಲ್ಲಿ ಹಳೆಯದನ್ನು ಅಳಿಸಿದರೂ ಸಂಖ್ಯೆ ಐನೂರೇ, ಕಸೂತಿಯ ಒಂದು ನೂಲನ್ನೂ ಬಿಚ್ಚಬೇಕಿಲ್ಲ. ಎರಡು ದಾರಿಯೂ ಎಷ್ಟು ನಯವಾಗಿದ್ದವೆಂದರೆ ಬಟ್ಟೆ ಸುತ್ತಿ ಎಳೆದರೂ ಎಲ್ಲೂ ಸಿಕ್ಕಿಕೊಳ್ಳುತ್ತಿರಲಿಲ್ಲ. ನರ್ಸಮ್ಮ ಕನ್ನಡಕ ಸರಿಮಾಡಿಕೊಂಡು ಕಾಯುತ್ತಿದ್ದಳು. ಅವಳ ಉಬ್ಬಿದ ಮೊಣಕಾಲು ಅವನ ಭುಜಕ್ಕೆ ತಾಗುತ್ತಿತ್ತು. ಈ ಕಾಲ್ನಲ್ಲಿ ಎರಡು ಮಹಡಿ ಇಳಿದು, ಸೇತುವೆ ದಾಟಿ, ಸುಳ್ಳು ಹೇಳಿದವನ ಹತ್ತಿರ ತಪ್ಪಾಯ್ತು ಅನ್ನಲಿಕ್ಕೆ ಬಂದಿದ್ದಾಳೆ. ತೊಡೆಯ ಮೇಲೆ ಪುಸ್ತಕವನ್ನು ಚಪ್ಪಟೆ ಮಾಡಿ ಆ ಖಾಲಿ ಗೆರೆಯಲ್ಲಿ ಬರೆದ: ‘ಹದಿನಾಲ್ಕು, ಗುರುವಾರ. ಸಿಗಲಿಲ್ಲ. ಮೂರನೇ ಮಹಡಿ.’ ಬರೆಯುತ್ತಿರುವಾಗಲೇ ಅಕ್ಷರ ಚೆನ್ನಾಗಿ ಬರಲೆಂದು ತಾನು ಒತ್ತಿ ಒತ್ತಿ ತಿದ್ದುತ್ತಿರುವುದು ಕಂಡು ಅಸಹ್ಯವಾಯಿತು. ನಿಜ ಹೇಳುವಾಗಲೂ ಯಾರಾದರೂ ನೋಡಲಿ ಎಂಬ ಆಸೆಯೇ? ಇದೂ ಒಂದು ಐನೂರೇ? ಆದರೂ ಬರೆದದ್ದನ್ನು ಹೊಡೆದು ಹಾಕಲಿಲ್ಲ. ಆಮೆಯ ಹೆಸರಿನ ಕೆಳಗೆ ಇವತ್ತಿನ ತಾರೀಖು ಹಾಕಿ ‘ಸಿಕ್ಕಿತು’ ಎಂದು ಬರೆದು ಪುಸ್ತಕವನ್ನು ಅವಳ ಕೈಗೆ ಕೊಟ್ಟ.

ನರ್ಸಮ್ಮ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಎರಡು ಸಲ ಓದಿದಳು. “ಇದನ್ನ ಓದಿದೋರಿಗೆ ತಲೆ ಕೆಡುತ್ತಲ್ರೀ,” ಎಂದಳು.

“ಕೆಡ್ಲಿ ಬಿಡಿಯಮ್ಮ. ನಿಮ್ಮ ತಪ್ಪು ಏನೂ ಇಲ್ಲ. ಬಾಯಿ ನಂದು, ಬೆರಳೂ ನಂದೇ.” ಇನ್ನೂ ಏನೋ ಹೇಳಬೇಕಿತ್ತು. “ಪುಸ್ತಕ ಒಣಗಿತ್ತು ಅಂದೆನಲ್ಲ... ಅದಕ್ಕೆ ಕ್ಷಮಿಸಿ,” ಎಂದ. ಅವಳು ಜ್ವರ ನೋಡುವವರ ಹಾಗೆ ಕೈಯ ಹಿಂಭಾಗವನ್ನು ಅವನ ಕುತ್ತಿಗೆಗೆ ಒಂದು ಕ್ಷಣ ತಾಗಿಸಿ ತೆಗೆದಳು. ಡಬ್ಬಿಯನ್ನು ಅವನೇ ಮೂರನೇ ಮೆಟ್ಟಿಲ ಅಡಿಗೆ ಅಂಟಿಸಿ, ಅವಳನ್ನು ತೋಳು ಹಿಡಿದು ಎಬ್ಬಿಸಿ, ಸೇತುವೆ ದಾಟಿಸಿ ಮನೆಯ ಗೇಟಿನ ತನಕ ಬಿಟ್ಟು ಬಂದ. ದಾರಿಯಲ್ಲಿ ಇಬ್ಬರೂ ಮೊಣಕಾಲು ನೋವಿಗೆ ಹಚ್ಚುವ ಮುಲಾಮಿನ ಬಗ್ಗೆ ಮಾತಾಡಿದರು.

ವ್ಯಾನಿನ ಹತ್ತಿರ ಬರುವಷ್ಟರಲ್ಲಿ ಫೋನು ಬಂತು. ಹೆಂಡತಿ. ಹಿಂದೆ ಬಟ್ಟೆಯ ಮೇಲೆ ಕತ್ತರಿ ಕಚಕಚ ಓಡುವ ಸದ್ದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಮಾತಾಡುವುದು ಅವಳ ಪದ್ಧತಿ.

“ಎಲ್ಲಿದೀರಿ? ಬರ್ತಾ ಹಾಲು ತರ್ತೀರಾ?”

“ತರ್ತೀನಿ. ಕಾಲುವೆ ಹತ್ರ ಇದೀನಿ.”

“ಓಹೋ! ಮತ್ತೆ ಶುರುವಾಯ್ತಾ?” ದನಿಯಲ್ಲಿ ನಗು ಇತ್ತು, ಸಂತೋಷವೂ ಇತ್ತು. ಹನ್ನೊಂದು ದಿನ ಗಂಡ ಮಂಕಾಗಿದ್ದುದನ್ನು ಅವಳು ಗಮನಿಸಿದ್ದಳೆಂದು ಆಗ ಅವನಿಗೆ ಹೊಳೆಯಿತು. “ಚೀಲ ತಗೊಂಡ್ ಹೋಗಿದೀರ ತಾನೆ? ಸಿಕ್ತಾ? ಐನೂರೊಂದಾ?”

ಚೀಲ ಅವನ ಕೈಯಲ್ಲಿತ್ತು. ಹಳದಿ ನೂಲಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡುತ್ತಿತ್ತು. ಒಂದು ಕಡೆ ಚರ್ಮ ಸಿಕ್ಕಿಕೊಂಡಿತು.

“ಐನೂರು,” ಎಂದ.

“ಐನೂರು ಆವತ್ತೇ ಸಿಕ್ಕಿತ್ತಲ್ಲ?”

“ಇಲ್ಲ ಕಣೆ. ಸಿಕ್ಕಿರ್ಲಿಲ್ಲ.”

ಆ ಕಡೆ ಕತ್ತರಿಯ ಸದ್ದು ನಿಂತಿತು.